ಮ್ಯಾಗ್ನಮ್ ರಿವಾಲ್ವರ್ ಮತ್ತು ಅದರ ತೋಟಾಗಳ ಆಯ್ಕೆ

ಸಾಮಾನ್ಯ ರಿವಾಲ್ವರ್ ತೋಟಾಕ್ಕಿಂತ ಉದ್ದವಾದ ಕೋಶ, ಹೆಚ್ಚಿನ ಒತ್ತಡ ಮತ್ತು ಹೆಚ್ಚಿನ ವೇಗ ಇರುವ ತೋಟಾಗಳಿಗೆ ಮ್ಯಾಗ್ನಮ್ ಎಂದು ಹೆಸರು. ರಿವಾಲ್ವರ್‌ಗಳ ಮಟ್ಟಿಗೆ ಈ ಹೆಸರು 1935ರಿಂದ ಬಳಕೆಯಲ್ಲಿದೆ. ಇವುಗಳ ತವರು ಅಮೆರಿಕ. ತಯಾರಿಕೆ, ಮಾರಾಟ, ಬಳಕೆ ಇಂದಿಗೂ ಬಹುಪಾಲು ಅಲ್ಲಿಯೇ. ಒಂದೇ ರಿವಾಲ್ವರ್‌ಗೆ ಹೊಂದುವ ತೋಟಾಗಳಲ್ಲಿ ಹತ್ತಾರು ಬಗೆಗಳಿರುವುದರಿಂದ ಯಾವ ಕೆಲಸಕ್ಕೆ ಯಾವುದನ್ನು ಆರಿಸಬೇಕೆಂಬುದೇ ಒಂದು ಶಾಸ್ತ್ರವಾಗಿ ಬೆಳೆದಿದೆ. ಪೆಟ್ಟಿಗೆಯ ಮೇಲೆ ಅತಿ ಹೆಚ್ಚಿನ ಶಕ್ತಿಯ ಅಂಕಿ ಇರುವ ತೋಟಾವೇ ಒಳ್ಳೆಯ ತೋಟಾ ಆಗಿರುವುದು ಅಪರೂಪ. ಗನ್ನಿನ ದೃಢತೆ, ಗುಂಡಿನ ರಚನೆ ಮತ್ತು ಹಿಡಿದ ಕೈಯ ಅಳವು ಆ ಅಂಕಿಗಿಂತ ಮುಖ್ಯ.

ತೋಟಾದಲ್ಲಿ ನಾಲ್ಕು ಭಾಗಗಳಿವೆ: ಹಿತ್ತಾಳೆಯ ಕೋಶ, ಅದರ ತಳದಲ್ಲಿರುವ ಕೇಪು, ಒಳಗಿನ ಮದ್ದು ಮತ್ತು ಬಾಯಲ್ಲಿ ಕಚ್ಚಿ ಕೂತ ಗುಂಡು. ಗುಂಡಿನ ತೂಕವನ್ನು ಗ್ರೇನ್‌ಗಳಲ್ಲಿ ಹೇಳುವುದು ವಾಡಿಕೆ. ಒಂದು ಗ್ರೇನ್ ಸುಮಾರು 0.065 ಗ್ರಾಂ, 158 ಗ್ರೇನ್ ಗುಂಡು ಹತ್ತು ಗ್ರಾಂಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ತೋಟಾದ ಹೆಸರಿನಲ್ಲಿರುವ ಸಂಖ್ಯೆ ಗುಂಡಿನ ವ್ಯಾಸವನ್ನು ಅಂಗುಲದಲ್ಲಿ ಸೂಚಿಸುತ್ತದೆ, ಆದರೆ ಯಾವಾಗಲೂ ಕರಾರುವಾಕ್ಕಾಗಿ ಅಲ್ಲ. .357 ಮ್ಯಾಗ್ನಮ್‌ನ ಗುಂಡು ನಿಜಕ್ಕೂ .357 ಅಂಗುಲದ್ದು; .38 ಸ್ಪೆಷಲ್ ಎಂಬ ಹಳೆಯ ತೋಟಾದ ಗುಂಡೂ ಅಷ್ಟೇ ದಪ್ಪ. .44 ಮ್ಯಾಗ್ನಮ್‌ನ ಗುಂಡು .429 ಅಂಗುಲ ಮಾತ್ರ.

1920ರ ಮತ್ತು 30ರ ದಶಕಗಳಲ್ಲಿ ಅಮೆರಿಕದ ಪೊಲೀಸರ ಬಳಿ ಇದ್ದುದು ಹೆಚ್ಚಾಗಿ .38 ಸ್ಪೆಷಲ್. ಮದ್ಯನಿಷೇಧದ ಕಾಲದ ದರೋಡೆಕೋರರು ಕಾರುಗಳಲ್ಲಿ ಓಡಾಡುತ್ತಿದ್ದರು. ಆ ಕಾರುಗಳ ಉಕ್ಕಿನ ತಗಡಿನ ಮುಂದೆ .38ರ ನಿಧಾನದ ಸೀಸದ ಗುಂಡು ಸೋಲುತ್ತಿತ್ತು. ಸ್ಮಿತ್ ಅಂಡ್ ವೆಸನ್ ಕಂಪನಿ 1930ರಲ್ಲಿ .44 ಗಾತ್ರದ ದೊಡ್ಡ ಚೌಕಟ್ಟಿನ ಮೇಲೆ .38ರ ರಿವಾಲ್ವರ್ ಕಟ್ಟಿ, ಅದಕ್ಕೆಂದೇ ಜೋರಾದ ತೋಟಾ ಬರುವಂತೆ ಮಾಡಿತು. ಫಿಲಿಪ್ ಶಾರ್ಪ್, ಎಲ್ಮರ್ ಕೀತ್ ಮೊದಲಾದವರ ಪ್ರಯೋಗಗಳ ಬಲದಿಂದ ಕಂಪನಿಯ ಡಗ್ಲಸ್ ವೆಸನ್ ಮತ್ತು ವಿಂಚೆಸ್ಟರ್ ತಯಾರಕರು 1935ರಲ್ಲಿ .357 ಮ್ಯಾಗ್ನಮ್ ಹೊರತಂದರು. ಮೊದಲ ರಿವಾಲ್ವರ್ ಎಫ್‌ಬಿಐ ಮುಖ್ಯಸ್ಥ ಜೆ. ಎಡ್ಗರ್ ಹೂವರ್ ಅವರ ಕೈ ಸೇರಿತು.

.44 ಮ್ಯಾಗ್ನಮ್‌ನ ಹಿಂದೆ ಇರುವುದು ಬಹುಮಟ್ಟಿಗೆ ಕೀತ್ ಒಬ್ಬರ ಹಟ. ಐಡಹೊ ರಾಜ್ಯದ ಈ ದನಗಾಹಿ, ಬೇಟೆಗಾರ, ಬರಹಗಾರ 1907ರಷ್ಟು ಹಳೆಯದಾದ .44 ಸ್ಪೆಷಲ್ ಕೋಶಕ್ಕೆ ತಾನೇ ಹೆಚ್ಚು ಮದ್ದು ತುಂಬಿ, ತಾನೇ ರೂಪಿಸಿದ 250 ಗ್ರೇನ್ ಸೀಸದ ಗುಂಡು ಕೂರಿಸಿ ದಶಕಗಳ ಕಾಲ ಬಳಸಿದ್ದರು. .45ಕ್ಕಿಂತ .44ರಲ್ಲಿ ಸಿಲಿಂಡರ್‌ನ ಗೂಡುಗಳ ಗೋಡೆ ದಪ್ಪ ಉಳಿಯುತ್ತದೆಂಬುದು ಅವರ ವಾದ. ಕೊನೆಗೆ ರೆಮಿಂಗ್ಟನ್ ತೋಟಾವನ್ನೂ ಸ್ಮಿತ್ ಅಂಡ್ ವೆಸನ್ ರಿವಾಲ್ವರನ್ನೂ ಸಿದ್ಧಪಡಿಸಿ 1956ರ ಆರಂಭದಲ್ಲಿ ಮಾರುಕಟ್ಟೆಗೆ ತಂದವು. ಮುಂದೆ ಮಾಡೆಲ್ 29 ಎಂದು ಹೆಸರಾದ ಆ ರಿವಾಲ್ವರ್, 1971ರ ‘ಡರ್ಟಿ ಹ್ಯಾರಿ’ ಚಿತ್ರದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಕೈಯಲ್ಲಿ ಕಾಣಿಸಿಕೊಂಡ ಮೇಲೆ ಅಂಗಡಿಗಳಲ್ಲಿ ಸಿಗದಷ್ಟು ಬೇಡಿಕೆ ಪಡೆಯಿತು. ಜಗತ್ತಿನ ಅತ್ಯಂತ ಶಕ್ತಿಶಾಲಿ ಕೈಬಂದೂಕು ಎಂದು ಚಿತ್ರದ ನಾಯಕ ಹೇಳಿಕೊಳ್ಳುವ ಹೊತ್ತಿಗೆ ಡಿಕ್ ಕಸುಲ್ ರೂಪಿಸಿದ .454 ಕಸುಲ್ ಅದನ್ನು ಮೀರಿಸಿ ಹತ್ತು ವರ್ಷಕ್ಕೂ ಹೆಚ್ಚಾಗಿತ್ತು. ಕಾರ್ಖಾನೆಯಿಂದ ಅದು ಹೊರಬಂದದ್ದು ಮಾತ್ರ 1980ರ ದಶಕದಲ್ಲಿ. .357 ಮತ್ತು .44ರ ನಡುವೆ ಜಾಗ ಹುಡುಕಿಕೊಂಡ .41 ಮ್ಯಾಗ್ನಮ್ (1964) ಒಳ್ಳೆಯ ತೋಟಾ, ಆದರೆ ಜನಪ್ರಿಯವಾಗಲಿಲ್ಲ. .500 ಸ್ಮಿತ್ ಅಂಡ್ ವೆಸನ್ 2003ರಲ್ಲೂ, .460 ಅದಾದ ಎರಡು ವರ್ಷಕ್ಕೂ ಬಂದವು.

ಈ ತೋಟಾಗಳ ಅಂತರ ಅಂಕಿಗಳಲ್ಲಿ ಸ್ಪಷ್ಟ. .38 ಸ್ಪೆಷಲ್‌ನ ಹಳೆಯ 158 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 230 ಮೀಟರ್ ವೇಗದಲ್ಲಿ ಹೊರಟು 270 ಜೂಲ್‌ನಷ್ಟು ಶಕ್ತಿ ಒಯ್ಯುತ್ತದೆ. ಅದೇ ತೂಕದ ಗುಂಡು .357 ಮ್ಯಾಗ್ನಮ್‌ನಲ್ಲಿ ಸೆಕೆಂಡಿಗೆ 375 ಮೀಟರ್ ಮುಟ್ಟಿ 700 ಜೂಲ್ ದಾಟುತ್ತದೆ. .44 ಮ್ಯಾಗ್ನಮ್‌ನ 240 ಗ್ರೇನ್ ಗುಂಡು ಸೆಕೆಂಡಿಗೆ 410 ಮೀಟರ್ ಆಸುಪಾಸಿನಲ್ಲಿ 1,300 ಜೂಲ್ ಕೊಡುತ್ತದೆ. .500ರ ಜೋರಾದ ತೋಟಾಗಳು 3,000 ಜೂಲ್ ಮೀರುತ್ತವೆ. ಇದು ರೈಫಲ್ಲಿನ ಲೆಕ್ಕ.

ಆಯ್ಕೆಯ ಮೊದಲ ಮಿತಿ ಒತ್ತಡ. ಅಮೆರಿಕದ ತಯಾರಕರ ಒಕ್ಕೂಟವಾದ ಸಾಮಿ ಪ್ರತಿ ತೋಟಾಕ್ಕೂ ಗರಿಷ್ಠ ಒತ್ತಡ ಗೊತ್ತುಮಾಡುತ್ತದೆ. ಚದರ ಅಂಗುಲಕ್ಕೆ .38 ಸ್ಪೆಷಲ್‌ಗೆ 17,000 ಪೌಂಡ್, .357 ಮ್ಯಾಗ್ನಮ್‌ಗೆ 35,000, .44 ಮ್ಯಾಗ್ನಮ್‌ಗೆ 36,000, .454 ಕಸುಲ್‌ಗೆ 65,000. ಇಮ್ಮಡಿ ಒತ್ತಡದ ತೋಟಾ ಹಳೆಯ .38 ರಿವಾಲ್ವರ್‌ಗೆ ಹೊಕ್ಕರೆ ಸಿಲಿಂಡರ್ ಸಿಡಿಯಬಹುದು. ಹಾಗಾಗದಿರಲೆಂದೇ .357ರ ಕೋಶವನ್ನು ಸುಮಾರು 3 ಮಿಲಿಮೀಟರ್ ಉದ್ದ ಮಾಡಲಾಯಿತು: ಹಳೆಯ ಗೂಡಿನಲ್ಲಿ ಅದು ಪೂರ್ತಿ ಇಳಿಯದು, ಸಿಲಿಂಡರ್ ಮುಚ್ಚದು. ಗಿಡ್ಡ .38 ಮಾತ್ರ ಉದ್ದನೆಯ .357ರ ಗೂಡಿನಲ್ಲಿ ನಿರಾತಂಕವಾಗಿ ಹಾರುತ್ತದೆ. .44 ಸ್ಪೆಷಲ್ ಮತ್ತು .44 ಮ್ಯಾಗ್ನಮ್ ನಡುವೆಯೂ ಇದೇ ಸಂಬಂಧ. .460ರ ರಿವಾಲ್ವರ್‌ನಲ್ಲಿ .454 ಕಸುಲ್ ಕೂಡ, ಇನ್ನೂ ಹಳೆಯ .45 ಕೋಲ್ಟ್ ಕೂಡ ಹಾರಿಸಬಹುದು.

ಈ ಸರಳ ಕಾವಲು ಇಲ್ಲದ ಒಂದು ಜಾಗವಿದೆ. 1870ರ ದಶಕದ ಕರಿಮದ್ದಿನ ತೋಟಾವಾದ .45 ಕೋಲ್ಟ್‌ನ ಒತ್ತಡದ ಮಿತಿ 14,000 ಪೌಂಡ್ ಮಾತ್ರ. ಆದರೆ ರೂಗರ್ ಬ್ಲಾಕ್‌ಹಾಕ್‌ನಂಥ ದೃಢವಾದ ರಿವಾಲ್ವರ್‌ಗಳಿಗಾಗಿ ಕೆಲವು ಕಂಪನಿಗಳು ಇದೇ ಉದ್ದದ ಕೋಶದಲ್ಲಿ ಹೆಚ್ಚುಕಡಿಮೆ ಮ್ಯಾಗ್ನಮ್ ಮಟ್ಟದ ತೋಟಾ ಮಾರುತ್ತವೆ. ಅವು ನೂರು ವರ್ಷ ಹಳೆಯ ಕೋಲ್ಟ್‌ಗೂ ಸಲೀಸಾಗಿ ಹೊಗುತ್ತವೆ. ಯಾವ ಗನ್ನಿಗೆಂದು ಪೆಟ್ಟಿಗೆಯ ಮೇಲಿರುವ ಎಚ್ಚರಿಕೆಯೊಂದೇ ಇಲ್ಲಿ ಕಾವಲು. ತೋಟಾ ಗೂಡಿಗೆ ಹೊಕ್ಕಿತೆಂದರೆ ಗನ್ ಅದನ್ನು ತಾಳುತ್ತದೆ ಎಂದರ್ಥವಲ್ಲ.

ಒತ್ತಡ ಮಿತಿಯೊಳಗೇ ಇದ್ದರೂ ಗನ್ ಸವೆಯುವ ರೀತಿ ಬೇರೆ ಬೇರೆ. ಇದಕ್ಕೆ ಚೆನ್ನಾಗಿ ದಾಖಲಾದ ನಿದರ್ಶನ ಸ್ಮಿತ್ ಅಂಡ್ ವೆಸನ್‌ನ ‘ಕೆ’ ಚೌಕಟ್ಟು. 1955ರಲ್ಲಿ ಬಂದ ಕಾಂಬ್ಯಾಟ್ ಮ್ಯಾಗ್ನಮ್, ಎಂದರೆ ಮಾಡೆಲ್ 19, ಸೊಂಟದಲ್ಲಿ ದಿನವಿಡೀ ಹೊರಲು ಹಗುರ. .38ರಲ್ಲಿ ಹೆಚ್ಚು ಅಭ್ಯಾಸ, .357 ಅಪರೂಪಕ್ಕೆ ಎಂಬ ಲೆಕ್ಕದಲ್ಲಿ ಕಟ್ಟಿದ ಗನ್ ಅದು. 1970ರ ದಶಕದಲ್ಲಿ ಪೊಲೀಸ್ ಇಲಾಖೆಗಳು 125 ಗ್ರೇನ್‌ನ ಅತಿವೇಗದ ಟೊಳ್ಳುಮೂತಿ ಗುಂಡಿಗೆ ಬದಲಾದವು, ಅಭ್ಯಾಸವನ್ನೂ ಅದರಲ್ಲೇ ಮಾಡತೊಡಗಿದವು. ಹಗುರ ಗುಂಡು ಬೇಗನೆ ಕೋಶ ಬಿಟ್ಟು ನಳಿಗೆಯ ಹಿಂಬಾಯಿಗೆ ಬಡಿಯುತ್ತದೆ; ಅದರ ಬೆನ್ನಿಗೇ ಇನ್ನೂ ಉರಿಯುತ್ತಿರುವ ಮದ್ದಿನ ಜ್ವಾಲೆ ಬರುತ್ತದೆ. ‘ಕೆ’ ಚೌಕಟ್ಟಿನಲ್ಲಿ ಜಾಗ ಸಾಲದೆ ಆ ಬಾಯಿಯ ಕೆಳಭಾಗವನ್ನು ಚಪ್ಪಟೆಯಾಗಿ ತರಿದಿರುವುದರಿಂದ ಲೋಹ ಅಲ್ಲಿ ತೆಳು. ಬಿರುಕು ಕಾಣಿಸಿಕೊಂಡದ್ದೂ ಅಲ್ಲಿಯೇ. ಕಂಪನಿ 1980ರ ದಶಕದ ಆರಂಭದಲ್ಲಿ ಸ್ವಲ್ಪ ದೊಡ್ಡದಾದ ‘ಎಲ್’ ಚೌಕಟ್ಟಿನ 586 ಮತ್ತು 686 ಮಾಡೆಲ್‌ಗಳನ್ನು ತಂದುದಕ್ಕೆ ಇದೂ ಒಂದು ಕಾರಣ. ಹಳೆಯ ಮಾಡೆಲ್ 19 ಇರುವವರು 158 ಗ್ರೇನ್ ಗುಂಡಿಗೆ ಅಂಟಿಕೊಳ್ಳುವುದು ಇಂದಿಗೂ ಒಳ್ಳೆಯ ರೂಢಿ.

ಸಿಲಿಂಡರ್‌ಗೂ ನಳಿಗೆಗೂ ನಡುವಿನ ಕೂದಲೆಳೆಯಷ್ಟು ಸಂದಿನಿಂದ ಪ್ರತಿ ಈಡಿಗೂ ಬಿಸಿ ಅನಿಲ ಬದಿಗೆ ಚಿಮ್ಮುತ್ತದೆ. ಅದು ಮೇಲಿನ ಚೌಕಟ್ಟಿನ ಉಕ್ಕನ್ನು ನಿಧಾನವಾಗಿ ಕೊರೆಯುತ್ತದೆ. 1983ರಲ್ಲಿ ಬಂದ .357 ಮ್ಯಾಕ್ಸಿಮಮ್ ಎಂಬ ಇನ್ನೂ ಉದ್ದದ ತೋಟಾದಲ್ಲಿ ಹಗುರ ಗುಂಡು ಹಾಕಿ ಅತಿವೇಗಕ್ಕೆ ಹೋದಾಗ ಈ ಕೊರೆತ ಎಷ್ಟು ಬೇಗ ಕಂಡಿತೆಂದರೆ, ರೂಗರ್ ಕಂಪನಿ ತನ್ನ ಆ ರಿವಾಲ್ವರ್ ತಯಾರಿಕೆಯನ್ನೇ ನಿಲ್ಲಿಸಿತು. ಆ ಸಂದಿಯ ಪಕ್ಕ ಬೆರಳು ಇಟ್ಟವರಿಗೆ ಗಂಭೀರ ಗಾಯಗಳಾಗಿವೆ; .460 ಮತ್ತು .500ರಲ್ಲಿ ಬೆರಳೇ ಹೋಗಬಹುದು.

ತೀರ ಹಗುರವಾದ ರಿವಾಲ್ವರ್‌ಗಳು ಇನ್ನೊಂದು ಬಗೆಯ ತೊಂದರೆ ಕೊಡುತ್ತವೆ. ಸ್ಕ್ಯಾಂಡಿಯಂ ಬೆರೆತ ಅಲ್ಯೂಮಿನಿಯಂ ಚೌಕಟ್ಟು, ಟೈಟೇನಿಯಂ ಸಿಲಿಂಡರ್ ಇರುವ 340ಪಿಡಿ ಎಂಬ .357 ಸುಮಾರು 340 ಗ್ರಾಂ ಮಾತ್ರ ತೂಗುತ್ತದೆ. 120 ಗ್ರೇನ್‌ಗಿಂತ ಹಗುರ ಗುಂಡು ಬೇಡವೆಂದು ಅದರ ನಳಿಗೆಯ ಮೇಲೇ ಕೆತ್ತಿದೆ. ಭಾರದ ಗುಂಡಿಗೂ ಇದರಲ್ಲಿ ತೊಡಕಿದೆ: ಇಂಥ ಗನ್ ಒದೆಯುವಾಗ ಕೋಶಗಳು ಹಿಂದಕ್ಕೆ ಸರಕ್ಕನೆ ಸರಿಯುತ್ತವೆ, ಒಳಗಿನ ಭಾರದ ಗುಂಡು ಇದ್ದಲ್ಲೇ ಉಳಿಯಲು ನೋಡುತ್ತದೆ. ಕೋಶದ ಬಾಯಿಯ ಹಿಡಿತ ಸಡಿಲವಿದ್ದರೆ ಗುಂಡು ಮುಂದಕ್ಕೆ ಜಾರಿ ಸಿಲಿಂಡರ್‌ನಿಂದ ಹೊರಗೆ ಇಣುಕುತ್ತದೆ, ಸಿಲಿಂಡರ್ ತಿರುಗದೆ ನಿಲ್ಲುತ್ತದೆ. ಆತ್ಮರಕ್ಷಣೆಗೆಂದು ಇಟ್ಟುಕೊಂಡ ಗನ್ ಬೇಕಾದ ಹೊತ್ತಿಗೆ ಕಬ್ಬಿಣದ ತುಂಡಾಗುವುದು ಹೀಗೆ. ಹೊಸ ತೋಟಾ ಕೊಂಡಾಗ ಸಿಲಿಂಡರ್ ತುಂಬಿ, ಒಂದನ್ನು ಬಿಟ್ಟು ಉಳಿದವನ್ನು ಹಾರಿಸಿ, ಉಳಿದ ಆ ತೋಟಾದ ಉದ್ದ ಬೆಳೆದಿದೆಯೇ ಎಂದು ಅಳೆದು ನೋಡುವುದು ಇದರ ಪರೀಕ್ಷೆ. ಬೆಳೆದಿದ್ದರೆ ಆ ತೋಟಾ ಆ ಗನ್ನಿಗೆ ಸಲ್ಲದು.

ಗನ್ ಏನು ತಾಳುತ್ತದೆಂದು ತಿಳಿದ ಮೇಲೆ ಬರುವ ಪ್ರಶ್ನೆ ಗುಂಡಿನದು, ಮತ್ತು ಎಲ್ಲಕ್ಕಿಂತ ಹೆಚ್ಚು ಚರ್ಚೆ ನಡೆಯುವುದೂ ಇಲ್ಲಿಯೇ. ತಾಮ್ರದ ಹೊದಿಕೆಯ ಟೊಳ್ಳುಮೂತಿ ಗುಂಡು ಮಾಂಸದೊಳಗೆ ಹೊಕ್ಕೊಡನೆ ಅಣಬೆಯಂತೆ ಅರಳಿ ಅಗಲವಾಗುತ್ತದೆ. ಗಾಯ ದೊಡ್ಡದು, ಇಳಿಯುವ ಆಳ ಕಡಿಮೆ. ಅರಳುವ ಗುಂಡಿನ ಚರಿತ್ರೆಯಲ್ಲಿ ಭಾರತಕ್ಕೂ ಒಂದು ಜಾಗವಿದೆ: 1890ರ ದಶಕದಲ್ಲಿ ಕೋಲ್ಕತ್ತದ ಬಳಿಯ ದಮ್‌ದಮ್ ಮದ್ದುಗುಂಡು ಕಾರ್ಖಾನೆಯಲ್ಲಿ ತಯಾರಾದ ರೈಫಲ್ ಗುಂಡಿನಿಂದಲೇ ‘ದಮ್‌ದಮ್ ಬುಲೆಟ್’ ಎಂಬ ಮಾತು ಹುಟ್ಟಿತು. 1899ರ ಹೇಗ್ ಘೋಷಣೆ ಅಂಥ ಗುಂಡುಗಳನ್ನು ಯುದ್ಧದಲ್ಲಿ ನಿಷೇಧಿಸಿತು. ಪೊಲೀಸ್ ಕೆಲಸಕ್ಕೂ ಬೇಟೆಗೂ ಆ ನಿಷೇಧ ಅನ್ವಯಿಸುವುದಿಲ್ಲ. ಜನರ ನಡುವೆ ಹಾರಿಸುವ ಗುಂಡು ಗುರಿಯನ್ನು ತೂರಿ ಹಿಂದಿನವರಿಗೆ ತಾಗಬಾರದೆಂಬುದೇ ಅಲ್ಲಿ ಅರಳುವ ಗುಂಡಿನ ಪರವಾದ ವಾದ.

ಆದರೆ ಆಳವೂ ಬೇಕು. 1986ರಲ್ಲಿ ಮಿಯಾಮಿಯಲ್ಲಿ ಇಬ್ಬರು ದರೋಡೆಕೋರರೊಡನೆ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಅಧಿಕಾರಿಗಳು ಸತ್ತರು. ಆ ಕಾಳಗದ ಆರಂಭದಲ್ಲೇ ಒಬ್ಬ ದರೋಡೆಕೋರನ ತೋಳು ಹೊಕ್ಕ ಪಿಸ್ತೂಲಿನ ಗುಂಡು ಹೃದಯ ಮುಟ್ಟುವ ಮೊದಲೇ ನಿಂತಿತ್ತು. ಆ ಬಳಿಕ ಎಫ್‌ಬಿಐ, ಸಿದ್ಧಪಡಿಸಿದ ಜೆಲಟಿನ್ ಅಚ್ಚಿನಲ್ಲಿ ಗುಂಡು 12ರಿಂದ 18 ಅಂಗುಲ ಇಳಿಯಬೇಕೆಂಬ ಅಳತೆ ಇಟ್ಟುಕೊಂಡಿತು. ಇಂದು ಆತ್ಮರಕ್ಷಣೆಯ ತೋಟಾಗಳನ್ನೆಲ್ಲ ತೂಗುವುದು ಹೆಚ್ಚಾಗಿ ಇದೇ ತಕ್ಕಡಿಯಲ್ಲಿ. ಈ ಬಳಕೆಗೆ .357ರ 125ರಿಂದ 158 ಗ್ರೇನ್ ಟೊಳ್ಳುಮೂತಿ ಗುಂಡುಗಳೇ ಸಾಕಷ್ಟಾದವು. ಮನೆಯೊಳಗಿನ ರಕ್ಷಣೆಗೆ .44ರ ಪೂರ್ಣ ಶಕ್ತಿಯ ತೋಟಾ ಅತಿಯಾಯಿತು. ಗೋಡೆಗಳಾಚೆ ಯಾರಿದ್ದಾರೆಂಬುದು ಗುಂಡಿಗೆ ಗೊತ್ತಿರುವುದಿಲ್ಲ.

ಅಲಾಸ್ಕದ ಕಾಡಿನಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಮೀನು ಹಿಡಿಯುವವರು, ಭೂಸರ್ವೇಕ್ಷಕರು, ಬೇಟೆಗಾರರು ಸೊಂಟದಲ್ಲಿ ಮ್ಯಾಗ್ನಮ್ ಹೊರುವುದು ಕಂದು ಕರಡಿಯ ಭಯಕ್ಕೆ. ದಪ್ಪ ಚರ್ಮ, ಕೊಬ್ಬು, ಮಾಂಸಖಂಡ, ಭುಜದ ಮೂಳೆ ದಾಟಿ ಒಳಗಿನ ಅಂಗ ಮುಟ್ಟಬೇಕಾದ ಗುಂಡು ಅರಳಿದರೆ ನಷ್ಟವೇ ಹೆಚ್ಚು. ಇಲ್ಲಿ ಬೇಕಾದ್ದು ತವರ, ಆಂಟಿಮನಿ ಬೆರೆಸಿ ಗಡುಸು ಮಾಡಿದ ಎರಕದ ಸೀಸದ, ಅಗಲವಾದ ಚಪ್ಪಟೆ ಮೂತಿಯ, ಭಾರವಾದ ಗುಂಡು: .44ರಲ್ಲಿ 300 ಗ್ರೇನ್ ಆಸುಪಾಸು, .357ರಲ್ಲಿ 180. ಚಪ್ಪಟೆ ಮೂತಿ ದಾರಿ ತಪ್ಪದೆ ನೇರ ಸಾಗುತ್ತದೆ. ದುಂಡು ಮೂತಿಯ ಗುಂಡು ಅಷ್ಟೇ ಆಳ ಹೋದರೂ ಕಿರಿದಾದ ತೂತು ಮಾತ್ರ ಬಿಡುತ್ತದೆ. ಗಡುಸಾದ ಸೀಸದ ಬದಲು ಮೆತ್ತನೆಯ ಸೀಸದ ಗುಂಡನ್ನು ಮ್ಯಾಗ್ನಮ್ ವೇಗದಲ್ಲಿ ಹಾರಿಸಿದರೆ ನಳಿಗೆಯ ಗೆರೆಗಳಲ್ಲಿ ಸೀಸ ಮೆತ್ತಿಕೊಂಡು ಗುರಿ ಕೆಡುತ್ತದೆ. ಗುಂಡಿನ ಬುಡಕ್ಕೆ ತಾಮ್ರದ ಚಿಕ್ಕ ಬಟ್ಟಲು ತೊಡಿಸುವುದು ಇದನ್ನು ತಡೆಯಲು.

ಜಿಂಕೆ, ಹಂದಿಯ ಬೇಟೆ ಈ ಎರಡು ತುದಿಗಳ ನಡುವೆ ಬರುತ್ತದೆ. .44ರ 240 ಗ್ರೇನ್ ಮೆತ್ತನೆ ಮೂತಿಯ ಹೊದಿಕೆ ಗುಂಡು ಅರಳಿಯೂ ಆಚೆ ಬದಿ ದಾಟುತ್ತದೆ. ಅಮೆರಿಕದ ಹಲವು ರಾಜ್ಯಗಳು ಕೈಬಂದೂಕಿನ ಬೇಟೆಗೆ ಕನಿಷ್ಠ ವ್ಯಾಸ ಅಥವಾ ಶಕ್ತಿಯನ್ನು ಗೊತ್ತುಮಾಡಿವೆ. ಕ್ಯಾಲಿಫೋರ್ನಿಯದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡೇ ಕೂಡದು. ಬೇಟೆಗಾರರು ಬಿಟ್ಟುಹೋದ ಕಳೇಬರದೊಡನೆ ಸೀಸ ನುಂಗಿ ಕಾಂಡೋರ್ ಹದ್ದುಗಳು ಸಾಯುತ್ತಿದ್ದುದು ಇದಕ್ಕೆ ಮುಖ್ಯ ಕಾರಣ. ಅಲ್ಲಿ ಬಳಸುವುದು ಹೆಚ್ಚಾಗಿ ಅಚ್ಚ ತಾಮ್ರದ ಗುಂಡು. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅದೇ ತೂಕಕ್ಕೆ ಗುಂಡು ಉದ್ದವಾಗಿ ಕೋಶದೊಳಗೆ ಮದ್ದಿನ ಜಾಗ ಕಬಳಿಸುತ್ತದೆ. ಹೀಗಾಗಿ ತಾಮ್ರದ ಗುಂಡುಗಳು ಸಾಮಾನ್ಯವಾಗಿ ಒಂದು ಹೆಜ್ಜೆ ಹಗುರ.

ಪೆಟ್ಟಿಗೆಯ ಮೇಲಿನ ವೇಗದ ಅಂಕಿಯನ್ನು ಹಾಗೇ ನಂಬುವಂತಿಲ್ಲ. 1935ರಲ್ಲಿ .357ಕ್ಕೆ ಸೆಕೆಂಡಿಗೆ 1,500 ಅಡಿಗೂ ಹೆಚ್ಚು ವೇಗವೆಂದು ಸಾರಿದ್ದು ಎಂಟೂಮುಕ್ಕಾಲು ಅಂಗುಲದ ನಳಿಗೆಯಲ್ಲಿ. ಅಷ್ಟುದ್ದದ ರಿವಾಲ್ವರನ್ನು ಸೊಂಟದಲ್ಲಿ ಹೊರುವವರು ಕಡಿಮೆ. ಮ್ಯಾಗ್ನಮ್ ತೋಟಾಗಳಲ್ಲಿ ಸಾಮಾನ್ಯವಾಗಿ ನಿಧಾನವಾಗಿ ಉರಿಯುವ ಮದ್ದು ಇರುತ್ತದೆ. ಎರಡು ಅಂಗುಲದ ನಳಿಗೆಯಲ್ಲಿ ಅದು ಉರಿದು ಮುಗಿಯುವ ಮೊದಲೇ ಗುಂಡು ಹೊರಬಿದ್ದಿರುತ್ತದೆ. ಮಿಕ್ಕ ಮದ್ದು ಬಾಯಲ್ಲಿ ಬೆಂಕಿಯ ಚೆಂಡಾಗಿ ಕಣ್ಣು ಕುಕ್ಕಿ, ಕಿವಿ ಕಿವುಡಾಗಿಸುತ್ತದೆ. ವೇಗ ಮಾತ್ರ ನಾಲ್ಕು ಅಂಗುಲದ ನಳಿಗೆಗಿಂತ ಸೆಕೆಂಡಿಗೆ 50 ಮೀಟರ್‌ನಷ್ಟಾದರೂ ಕಡಿಮೆ. ಗಿಡ್ಡ ನಳಿಗೆಗೆಂದೇ ಮಾಡಿದ, ಕಡಿಮೆ ವೇಗದಲ್ಲೂ ಅರಳುವ ತೋಟಾಗಳಿವೆ. ಅಂಥ ಗನ್ನಿಗೆ .38 ಸ್ಪೆಷಲ್‌ನ ಪ್ಲಸ್ ಪಿ, ಎಂದರೆ ಸಾಮಾನ್ಯಕ್ಕಿಂತ ತುಸು ಹೆಚ್ಚಿನ ಒತ್ತಡದ ತೋಟಾ, ಕೂಡ ನಾಚಿಕೆಯ ಆಯ್ಕೆಯಲ್ಲ.

ಒದೆತ ತಾಳುವ ಶಕ್ತಿ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ, ಮತ್ತು ಇದರಲ್ಲಿ ಹೆಮ್ಮೆ ಅಡ್ಡ ಬರುತ್ತದೆ. ಎರಡು ಕಿಲೋ ತೂಗುವ .500 ರಿವಾಲ್ವರ್ ಅಷ್ಟು ಭಾರವಿರುವುದೇ ಒದೆತವನ್ನು ನುಂಗಲು. ಆದರೂ ಮೊದಲ ಬಾರಿ ಹಿಡಿಯುವವರ ಕೈಗೆ ಒಂದು ಸಲಕ್ಕೆ ಒಂದೇ ತೋಟಾ ಕೊಡುವುದು ತಿಳಿದವರ ಕ್ರಮ. ಜೋರಾದ ಒದೆತ ಒಂದೆರಡು ಈಡಿನಲ್ಲೇ ಬೆಚ್ಚುವ ಚಾಳಿ ಕಲಿಸುತ್ತದೆ. ಟ್ರಿಗರ್ ಎಳೆಯುವ ಮೊದಲೇ ಕೈ ಕೆಳಗೆ ಜಗ್ಗಿ ಗುಂಡು ಗುರಿ ತಪ್ಪುತ್ತದೆ. ಅದನ್ನು ಬಿಡಿಸುವುದು ಕಷ್ಟ. ಆದ್ದರಿಂದ ಅಭ್ಯಾಸದ ಬಹುಭಾಗ .38 ಅಥವಾ .44 ಸ್ಪೆಷಲ್‌ನಲ್ಲಿ ನಡೆಯುತ್ತದೆ. ಇದಕ್ಕೂ ಒಂದು ಅಂಕೆ ಬೇಕು: 1970ರಲ್ಲಿ ಕ್ಯಾಲಿಫೋರ್ನಿಯದ ನ್ಯೂಹಾಲ್‌ನಲ್ಲಿ ನಾಲ್ವರು ಹೆದ್ದಾರಿ ಪೊಲೀಸರು ಸತ್ತ ಘಟನೆಯ ಬಳಿಕ, ಹಗುರ ತೋಟಾದಲ್ಲಿ ಕಲಿತು ಜೋರಾದ ತೋಟಾದೊಡನೆ ಕರ್ತವ್ಯಕ್ಕೆ ಹೋಗುವುದು ಸರಿಯೇ ಎಂಬ ಪ್ರಶ್ನೆ ಪೊಲೀಸ್ ತರಬೇತಿಯಲ್ಲಿ ಗಟ್ಟಿಯಾಗಿ ಎದ್ದಿತು. ಬಳಸುವ ತೋಟಾವನ್ನೂ ಆಗಾಗ ಹಾರಿಸಿ ಕೈ ಪಳಗಿಸಬೇಕೆಂಬುದು ಈಗ ಎಲ್ಲರೂ ಒಪ್ಪುವ ಮಾತು. ಗಿಡ್ಡ ಕೋಶಗಳು ಗೂಡಿನ ಒಳಗೋಡೆಯಲ್ಲಿ ಮಸಿಯ ಉಂಗುರ ಬಿಡುತ್ತವೆ. ಉಜ್ಜಿ ತೆಗೆಯದೆ ಮ್ಯಾಗ್ನಮ್ ಹಾಕಿದರೆ ಕೋಶ ಕಚ್ಚಿಕೊಂಡು ಹೊರಬರಲು ಹಟ ಮಾಡುತ್ತದೆ. ಗುಂಡಿನ ತೂಕ ಬದಲಾದಾಗ ಗುರಿಯೂ ಸರಿಯುತ್ತದೆ. ಭಾರದ ಗುಂಡು ನಳಿಗೆಯಲ್ಲಿ ಹೆಚ್ಚು ಹೊತ್ತು ಇದ್ದು, ಒದೆತಕ್ಕೆ ನಳಿಗೆ ಮೇಲೆದ್ದ ಮೇಲೆ ಹೊರಡುವುದರಿಂದ ಹತ್ತಿರದ ಗುರಿಯಲ್ಲಿ ಮೇಲೆ ಬಡಿಯುತ್ತದೆ. .357ರ ಸದ್ದು 160 ಡೆಸಿಬೆಲ್ ದಾಟುತ್ತದೆ; ಕಿವಿಗೆ ರಕ್ಷಣೆ ಇಲ್ಲದೆ ಹಾರಿಸಿದ ಒಂದೇ ಈಡು ಶಾಶ್ವತ ಹಾನಿ ಮಾಡಬಲ್ಲದು.

ಕಾರ್ಖಾನೆಯ ತೋಟಾ ಕೊಳ್ಳುವಾಗ ನೋಡಬೇಕಾದ್ದು ಕೋಶದ ಬುಡದ ಮುದ್ರೆ ಮತ್ತು ಪೆಟ್ಟಿಗೆಯ ಬರಹ. ಪ್ಲಸ್ ಪಿ ಎಂಬುದಕ್ಕೆ ಸಾಮಿ ಗೊತ್ತುಮಾಡಿದ ಮಿತಿಯಿದೆ. ಪ್ಲಸ್ ಪಿ ಪ್ಲಸ್ ಎಂಬುದಕ್ಕೆ ಇಲ್ಲ. ಯಾರೋ ಮನೆಯಲ್ಲಿ ತುಂಬಿದ ತೋಟಾವನ್ನು ಬೇರೆಯವರು ತಮ್ಮ ಗನ್ನಿಗೆ ಹಾಕದಿರುವುದೇ ಕ್ಷೇಮ. ಹಾರಿಸಿದ ಕೋಶಗಳು ಗೂಡಿನಿಂದ ಸುಲಭವಾಗಿ ಹೊರಬರದಿದ್ದರೆ ಒತ್ತಡ ಅತಿಯಾಗಿರಬಹುದು. ಸದ್ದು ಎಂದಿಗಿಂತ ಮೆತ್ತಗೆ ಕೇಳಿದರೆ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಎರಡೂ ಸಂದರ್ಭದಲ್ಲಿ ಮುಂದಿನ ಈಡು ಹಾರಿಸದೆ ಗನ್ ಬರಿದು ಮಾಡಿ ಪರೀಕ್ಷಿಸಬೇಕು.

ಭಾರತದಲ್ಲಿ ಈ ತೋಟಾಗಳಿಗೆ ಜಾಗ ಕಡಿಮೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಬೇಟೆ ಬಹುಮಟ್ಟಿಗೆ ನಿಂತಿದೆ. 1959ರ ಶಸ್ತ್ರಾಸ್ತ್ರ ಕಾಯಿದೆ ಮತ್ತು 2016ರ ನಿಯಮಗಳ ಪ್ರಕಾರ ಗನ್ನಿಗೂ ತೋಟಾಕ್ಕೂ ಪರವಾನಗಿ ಬೇಕು. ಪರವಾನಗಿ ಇದ್ದವರಿಗೆ ಸಿಗುವ ದೇಶೀ ರಿವಾಲ್ವರ್ ಹೆಚ್ಚಾಗಿ ಕಾನ್ಪುರದ ಸರ್ಕಾರಿ ಕಾರ್ಖಾನೆಯ .32, 2014ರಲ್ಲಿ ಬಂದ ‘ನಿರ್ಭೀಕ್’ ಕೂಡ ಅದೇ ಬೋರಿನದು. ಇವು ಹಾರಿಸುವುದು .32 ಸ್ಮಿತ್ ಅಂಡ್ ವೆಸನ್ ಲಾಂಗ್ ಎಂಬ ಸೌಮ್ಯ ತೋಟಾವನ್ನು. ಅದೇ ಕೋಶವನ್ನು ಉದ್ದ ಮಾಡಿ 1984ರಲ್ಲಿ .32 ಎಚ್ ಅಂಡ್ ಆರ್ ಮ್ಯಾಗ್ನಮ್, ಅದನ್ನೂ ಬೆಳೆಸಿ .327 ಫೆಡರಲ್ ಮ್ಯಾಗ್ನಮ್ ಬಂದವು. ಇವೆರಡೂ ಭಾರತೀಯ .32ಕ್ಕೆ ಹೊಂದುವುದಿಲ್ಲ, ಹೊಂದಿಸಲು ಯತ್ನಿಸಲೂ ಬಾರದು.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಗ್ರೀನ್ ಕಾರ್ಡ್ ಇರುವವರು ಅಲ್ಲಿನ ನಾಗರಿಕರಂತೆಯೇ ಗನ್ ಕೊಳ್ಳಬಹುದು. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರಿಗೆ 1998ರ ಕಾನೂನು ಗನ್ನನ್ನೂ ತೋಟಾವನ್ನೂ ಇಟ್ಟುಕೊಳ್ಳದಂತೆ ತಡೆಯುತ್ತದೆ. ಚಾಲ್ತಿಯಲ್ಲಿರುವ ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳಿವೆ. ಗುರಿ ಅಭ್ಯಾಸಕ್ಕೆ ಒಯ್ದ ಚೀಲವನ್ನೇ ಊರಿಗೆ ಹೊರಡುವಾಗ ತುಂಬಿಕೊಳ್ಳುವವರು ಅದರ ಮೂಲೆಮೂಲೆ ತಡಕಿ ನೋಡಬೇಕು. ಪರವಾನಗಿ ಇಲ್ಲದ ಒಂದೇ ಒಂದು ತೋಟಾ ಸಿಕ್ಕರೂ ಭಾರತದ ವಿಮಾನ ನಿಲ್ದಾಣದಲ್ಲಿ ಶಸ್ತ್ರಾಸ್ತ್ರ ಕಾಯಿದೆಯಡಿ ಪ್ರಕರಣ ದಾಖಲಾಗಬಹುದು.